ಬಣ್ಣದ ಮನೆಯ ಹನ್ನೆರಡು ಬಾಟಲಿಗಳು

"ನೋಡಿ ಮೇಡಂ, ಇಲ್ಲಿ ಸೀರೆ ಮಾರಲ್ಲ. ಬರೀ ನೂಲಿಗೆ ಬಣ್ಣ ಹಾಕ್ತೀವಿ."

"ನಾನು ಸೀರೆಗೆ ಬಂದಿಲ್ಲ."

"ಮತ್ತೆ?"

ಅನಸೂಯ ಕೈಲಿದ್ದ ಐಸ್ ಡಬ್ಬಿಯನ್ನು ಎದೆಗೆ ಅವಚಿಕೊಂಡಳು. ಮೆಜೆಸ್ಟಿಕ್‌ನಿಂದ ದೊಡ್ಡಬಳ್ಳಾಪುರದವರೆಗೆ ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಮಾತೆಲ್ಲ ಮರೆತೇ ಹೋಗಿತ್ತು.

"ನಿಮ್ಮೆಲ್ಲರ... ಮೂತ್ರ ಬೇಕಿತ್ತು!"

ಹಬೆಯಾಡುವ ತೊಟ್ಟಿಗಳ ಮುಂದೆ ಹನ್ನೆರಡು ಗಂಡಸರು ಒಟ್ಟಿಗೇ ಕೆಲಸ ನಿಲ್ಲಿಸಿದರು. ಯಾರೋ ಕಿಸಕ್ಕನೆ ನಕ್ಕರು. ಪ್ರೀತಿ ಶುರುವಾಗುವುದಕ್ಕೆ ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ ಬಿಡಿ!

ನಗದಿದ್ದವನು ಒಬ್ಬನೇ. ಮೊಣಕೈವರೆಗೂ ನೀಲಿ ಬಣ್ಣ ಮೆತ್ತಿಕೊಂಡಿದ್ದ ಮೇಸ್ತ್ರಿ ಕೆಂಪರಾಜ್.

"ಸುಮ್ನಿರ್ರೋ! ಯಾಕೆ ಮೇಡಂ, ಏನ್ ವಿಷ್ಯ?"

ಅವಳು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಸೂಲಿಬೆಲೆಯ ಹಾಲಿನವರ ಮನೆಯ ಹುಡುಗಿ. ಬಣ್ಣದ ಕೆಲಸದವರಿಗೆ ಮೂತ್ರಕೋಶದ ಕ್ಯಾನ್ಸರ್ ಹೆಚ್ಚು. ಅದನ್ನು ಬೇಗ ಪತ್ತೆ ಹಚ್ಚುವ ಒಂದು ಹೊಸ ಪರೀಕ್ಷೆ ಆ ವರ್ಷ, ಅಂದರೆ ತೊಂಬತ್ತೇಳರಲ್ಲಿ, ಅವರ ಪ್ರಯೋಗಾಲಯಕ್ಕೆ ಬಂದಿತ್ತು.

"ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಒಂದು ನ್ಯೂಕ್ಲಿಯಸ್ ಇರುತ್ತೆ. ಅದರೊಳಗೆ ಪ್ರೋಟೀನಿನ ಒಂದು ಚೌಕಟ್ಟು, ನಿಮ್ಮೂರಿನ ಮಗ್ಗಕ್ಕಿರೋ ಥರ. ಕ್ಯಾನ್ಸರ್ ಕೋಶ ಸತ್ತಾಗ ಆ ಚೌಕಟ್ಟಿನ ಚೂರು ಮೂತ್ರದಲ್ಲಿ ಬರುತ್ತೆ. ನಾವು ಆ ಚೂರು ಎಷ್ಟಿದೆ ಅಂತ ಅಳೀತೀವಿ."

ಕೆಂಪರಾಜ್ ಕೈಲಿದ್ದ ಕೋಲನ್ನು ತೊಟ್ಟಿಗೆ ಒರಗಿಸಿದ.

"ನಂಗೆ ಕೆಲಸ ಕಲಿಸಿದ್ ದೊಡ್ಡಮುನಿಯಪ್ಪ ಹೋದ್ವರ್ಷ ಅದ್ರಲ್ಲೇ ಹೋದ್ರು. ರಕ್ತ ಹೋಗ್ತಿತ್ತು. ಉಷ್ಣ ಅಂತ ಎಳನೀರು ಕುಡ್ಕೊಂಡೇ ಇದ್ರು... ಬಾಟ್ಲು ಬಿಟ್ಟೋಗಿ ಮೇಡಂ. ನಾನ್ ಕೊಡಿಸ್ತೀನಿ."

ಆಮೇಲೆ ನಾಲ್ಕು ಗುರುವಾರ ಅವಳು ಬಂದಳು. ಪ್ರತಿ ಸಲವೂ "ಮುಂದಿನ ವಾರ ಮೇಡಂ" ಎಂಬ ಕೆಂಪರಾಜನ ಉತ್ತರ, ಜೊತೆಗೆ ಅವನೇ ತಂದುಕೊಡುವ ಒಂದು ಟೀ. ಮೂರನೇ ವಾರಕ್ಕೆ ಅವಳಿಗೆ ಟೀ ಇಷ್ಟವಾಗತೊಡಗಿತು. ನಾಲ್ಕನೇ ವಾರ ಕನ್ನಡಿ ಮುಂದೆ ಹತ್ತು ನಿಮಿಷ ಹೆಚ್ಚು ನಿಂತಳು. 'ಥೂ, ನಿಂಗೇನಾಗಿದೆ ಅನಸೂಯ!' ಎಂದು ತನ್ನನ್ನೇ ಬೈದುಕೊಂಡಳು.

ಐದನೇ ಗುರುವಾರ ಹನ್ನೆರಡೂ ಬಾಟಲಿ ತುಂಬಿ ಸಿದ್ಧವಾಗಿದ್ದವು.

ಪರೀಕ್ಷೆಯ ಅಂಕಿ ಹತ್ತರೊಳಗೆ ಇರಬೇಕು. ಮೊದಲನೆಯ ಬಾಟಲಿ ಮೂವತ್ತನಾಲ್ಕು. ಎರಡನೆಯದು ಮೂವತ್ತಮೂರು. ಮೂರನೆಯದು ಮತ್ತೆ ಮೂವತ್ತನಾಲ್ಕು... ಹನ್ನೆರಡೂ ಹಾಗೆಯೇ! ಅವಳು ಅಂಕಿ ಬರೆದ ಹಾಳೆ ಹಿಡಿದು ಓಡಿದಳು.

ಅವಳ ಪ್ರೊಫೆಸರ್ ಹಾಳೆ ನೋಡಿ ಕನ್ನಡಕ ತೆಗೆದರು. "ಇದೆಲ್ಲ ಒಬ್ಬನದೇ ಕಣಮ್ಮ. ನಿನ್ನ ಆಟ ಆಡಿಸಿದ್ದಾರೆ."

ದೊಡ್ಡಬಳ್ಳಾಪುರದ ಬಸ್ಸು ಯಲಹಂಕ ದಾಟುವವರೆಗೂ ಅವಳಿಗೆ ಬರೀ ಸಿಟ್ಟು. ನಗಾಡುತ್ತಾ ಟೀ ಕೊಟ್ಟು ಮೋಸ ಮಾಡಿದನಲ್ಲ! ಆಮೇಲೆ ತಟ್ಟನೆ ಹೊಳೆಯಿತು. 'ಒಬ್ಬನದೇ ಅಂದ್ರೆ... ಆ ಒಬ್ಬ ಯಾರು?'

'ದೇವರೇ, ಅವನೊಬ್ಬ ಆಗದಿರಲಿ. ಬೇರೆ ಯಾರಾದರೂ ಆಗಲಿ!'

ಹಾಗೆ ಬೇಡಿಕೊಂಡಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಉಳಿದ ಹನ್ನೊಂದು ಜನರಿಗೂ ಮನೆ, ಮಕ್ಕಳು ಇರಲಿಲ್ಲವೇ? ಆದರೂ ಅದೇ ಬೇಡಿಕೆ ಮತ್ತೆ ಮತ್ತೆ ಬಾಯಿಗೆ ಬಂತು. ತಾನು ಅವನನ್ನು ಪ್ರೀತಿಸುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಾಗಿದ್ದು ಆ ಬಸ್ಸಿನಲ್ಲಿ, ಅಂಥ ಹೊತ್ತಿನಲ್ಲಿ.

"ಬಾಟಲಿ ಯಾರು ತುಂಬಿಸಿದ್ದು?" ಬಾಗಿಲಲ್ಲೇ ಕೇಳಿದಳು.

ಕೆಂಪರಾಜ್ ತಲೆ ಕೆರೆದುಕೊಂಡು ನಕ್ಕ. "ಗೊತ್ತಾಗೋಯ್ತಾ? ತಪ್ಪಾಯ್ತು ಮೇಡಂ, ಎಲ್ಲಾ ನಂದೇ! ಹೆಣ್ಮಗಳ ಕೈಗೆ ಹೆಂಗ್ ಕೊಡಾದು ಅಂತ ಇವ್ರೆಲ್ಲ ನಾಚ್ಕೊಂಡ್ರು. ಖಾಲಿ ಬಾಟ್ಲು ವಾಪಸ್ ಕೊಟ್ರೆ ನೀವಿನ್ನು ಬರಲ್ವೇನೋ ಅಂತ... ನಾನೇ ತುಂಬಿಸ್ಬಿಟ್ಟೆ."

ಅವಳು ಅಂಕಿಯ ಹಾಳೆಯನ್ನು ಅವನ ಕಡೆ ಚಾಚಿದಳು. ಅವನ ನಗು ನಿಧಾನವಾಗಿ ಆರಿತು.

"ಜಾಸ್ತಿ ಬಂದೈತಾ?"

"ಕಲ್ಲಿದ್ರೂ, ಸೋಂಕಿದ್ರೂ ಜಾಸ್ತಿ ಬರುತ್ತೆ. ಇದೊಂದರಿಂದಲೇ ಏನೂ ಹೇಳೋಕಾಗಲ್ಲ. ಆಸ್ಪತ್ರೇಲಿ ಒಳಗೆ ಕೊಳವೆ ಹಾಕಿ ನೋಡಿಸಬೇಕು... ರಕ್ತ ಏನಾದ್ರೂ ಹೋಗಿತ್ತಾ?"

"ಯುಗಾದಿ ಟೈಮಲ್ಲಿ. ಎರಡು ದಿನ." ಅವನು ತನ್ನ ನೀಲಿ ಕೈಗಳನ್ನು ನೋಡಿಕೊಂಡ. ಹನ್ನೊಂದನೇ ವಯಸ್ಸಿನಿಂದ ಇಪ್ಪತ್ತು ವರ್ಷ ಅದೇ ಕೈಗಳಲ್ಲಿ ಬಣ್ಣ ಕಲಸಿದ್ದ. "ನಾನೂ ಉಷ್ಣ ಅಂದ್ಕೊಂಡೆ."

"ನಾಳೆನೇ ಹೋಗೋಣ, ಕೆಂಪರಾಜ್."

ಇದ್ದಕ್ಕಿದ್ದಂತೆ ಅವನ ಮುಖ ಗಟ್ಟಿಯಾಯಿತು. "ನಿಮ್ ಪುಸ್ತಕಕ್ಕೊಂದು ನಂಬರ್ ಬೇಕಿತ್ತು, ಸಿಕ್ತಲ್ಲ? ಹೊರಡಿ. ಇನ್ಮೇಲೆ ಈ ಕಡೆ ಬರ್ಬೇಡಿ."

ಆ ಮಾತು ಅವಳಿಗೆ ಚುಚ್ಚಿತು. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತಳು. ಆದರೂ ಮರುವಾರ ಬಂದಳು. ಉಳಿದವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಬಾಟಲಿ ತಂದುಕೊಟ್ಟರು. ಅವನು ಮಾತ್ರ ಸಿಗಲಿಲ್ಲ. ಅದರ ಮುಂದಿನ ವಾರ ಅವನ ತಾಯಿ ಮಾರಕ್ಕ ಬೀದಿಯಲ್ಲೇ ಅವಳ ಕೈ ಹಿಡಿದುಕೊಂಡಳು.

"ಓದಿರೋ ಹುಡ್ಗಿ, ಅವಳ ಬದುಕು ಯಾಕೆ ಹಾಳ್ಮಾಡ್ಲಿ ಅಂತವ್ನೆ ಕಣವ್ವ. ಉಣ್ಣಲ್ಲ, ಆಸ್ಪತ್ರೆಗೂ ಹೋಗಲ್ಲ. ನೀನಾದ್ರೂ ಹೇಳವ್ವ!"

ಮಾರಕ್ಕನ ಮನೆಯ ಹಿತ್ತಿಲ ನಲ್ಲಿಯ ಬಳಿ ಅವನು ಕೈ ಉಜ್ಜುತ್ತಾ ಕೂತಿದ್ದ.

"ಆ ಹನ್ನೆರಡು ನಂಬರನ್ನೂ ಹೊಡೆದು ಹಾಕಿದ್ದೀನಿ," ಅಂದಳು ಅನಸೂಯ. "ನನ್ನ ಪುಸ್ತಕದಲ್ಲಿ ನೀವಿಲ್ಲ."

"ಮತ್ತೆ ಯಾಕೆ ಬಂದ್ರಿ?"

"ನೀವು ಬೇಕು ಅಂತ ಬಂದೆ! ನನ್ನನ್ನ ಬಿಟ್ಟುಬಿಡಿ ಬೇಕಾದ್ರೆ. ಆದ್ರೆ ಎಳನೀರು ಕುಡ್ಕೊಂಡು ಸಾಯೋಕೆ ಮಾತ್ರ ನಾನು ಬಿಡಲ್ಲ!"

ಅವನು ನಲ್ಲಿ ನಿಲ್ಲಿಸಿ ಬಿಕ್ಕಿದ. ಮಾರನೇ ದಿನ ಮೊದಲ ಬಸ್ಸಿಗೆ ಮಾರಕ್ಕನೂ ಸೇರಿ ಮೂವರೂ ಬೆಂಗಳೂರಿಗೆ ಹೊರಟರು.

ಕಲ್ಲಲ್ಲ, ಸೋಂಕಲ್ಲ. ಮೂತ್ರಕೋಶದೊಳಗೆ ಹೆಸರುಕಾಳಿನಷ್ಟಿದ್ದ ಎರಡು ಕ್ಯಾನ್ಸರ್ ಗಂಟು. ಅದೇ ವಾರ ಡಾಕ್ಟರು ಅವನ್ನು ಕೆರೆದು ತೆಗೆದರು. ಬೇರು ಆಳಕ್ಕೆ ಇಳಿದಿಲ್ಲ, ಆದರೆ ಮತ್ತೆ ಬರುವ ಸಂಭವ ಹೆಚ್ಚು, ಮೂರು ತಿಂಗಳಿಗೊಮ್ಮೆ ನೋಡಿಸಲೇಬೇಕು, ಬಣ್ಣದ ಕೆಲಸ ಇನ್ನು ಬೇಡ ಎಂದರು.

ಡಾಕ್ಟರು ಹಾಗೆ ಹೇಳಿದ ಮಧ್ಯಾಹ್ನ ವಾರ್ಡಿನಲ್ಲಿ ಅವನು ಸೂರು ನೋಡುತ್ತಾ ಮಲಗಿದ್ದ.

"ಮತ್ತೆ ಬರ್ಬಹುದು ಅಂತಾರೆ. ಗೊತ್ತಿದ್ದೂ ನನ್ನ ಕಟ್ಕೋತೀರಾ?"

"ಕಟ್ಕೋತೀನಿ. ಮೂರು ತಿಂಗಳಿಗೊಂದ್ಸಲ ಇಬ್ರೂ ಬರೋಣ. ಪ್ರತಿ ಸಲ ನಂಗೂ ಭಯ ಆಗುತ್ತೆ, ನಾನದನ್ನ ಮುಚ್ಚಿಡಲ್ಲ. ನೀವೂ ಮುಚ್ಚಿಟ್ಕೊಂಡು ನನ್ನ ಬೈದು ಕಳಿಸ್ಬಾರ್ದು."

ಅವನ ಕಣ್ಣು ತುಂಬಿತು. "ಈಗ್ಲೇ ಭಯ ಆಯ್ತೈತೆ, ಅನಸೂಯ."

"ಗೊತ್ತು. ಸ್ವಲ್ಪ ಸರ್ಕೊಳ್ಳಿ, ನಾನೂ ಕೂತ್ಕೋತೀನಿ."

ಅವನು ಗೋಡೆ ಕಡೆ ಸರಿದು ಜಾಗ ಮಾಡಿದ.