ಹೊಳಿಯಮ್ಮನ ಗುರುವಾರ

ಗುರುವಾರ ಬೆಳಿಗ್ಗೆ ಆರಕ್ಕೆ ಹೊಳಿಯಮ್ಮ ಸಲಿಕೆ ಹೊತ್ತು ತೂಬಿಗೆ ಬಂದಾಗ ಕಾಲುವೆ ನೀರು ಪಕೀರಪ್ಪನ ಗದ್ದೆಗೆ ಹರಿಯುತ್ತಿತ್ತು.

ಗುರುವಾರ ಹೊಳಿಯಮ್ಮನ ಪಾಳಿ. ನೀರು ಬಳಕೆದಾರರ ಸಂಘದ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಹಾಗೇ ಇತ್ತು. ಆದರೆ ತೂಬು ತೆಗೆಯುವ ಲಕ್ಷ್ಮಣಪ್ಪ ಗೋಡೆ ನೋಡುವುದಿಲ್ಲ, ಮೊಬೈಲ್ ನೋಡುತ್ತಾನೆ. ಸಂಘದ ಠರಾವೇ ಹಾಗೆ. ಮೊಬೈಲಿನಲ್ಲಿ ಗುರುವಾರಕ್ಕೆ ಪಕೀರಪ್ಪನ ಹೆಸರಿತ್ತು. ಹೊಳಿಯಮ್ಮನ ಹೆಸರು ರವಿವಾರಕ್ಕೆ ಹೋಗಿತ್ತು.

ಆ ಆ್ಯಪ್ ಮಾಡಿದವಳು ನನ್ನ ರೂಮ್‌ಮೇಟ್ ಅನುಷಾ. ಗಂಗಾವತಿಯಲ್ಲಿ ಬಿಸಿಎ ಕೊನೆಯ ವರ್ಷ. ಏಳಕ್ಕೆ ಸಂಘದ ಕಾರ್ಯದರ್ಶಿ ಗೋವಿಂದರಾಜನ ಫೋನ್ ಬಂತು.

"ಹತ್ತಕ್ಕ ಮೀಟಿಂಗ್ ಕರದಾರ ತಂಗಿ. ನೀನ ಪಕೀರಪ್ಪನ ಕಡೆ ರೊಕ್ಕ ತಿಂದು ಪಾಳಿ ಬದಲಿ ಮಾಡೀದಿ ಅನ್ನಾಕತ್ತಾರ. ಯಾರು ಮಾಡ್ಯಾರ ಅಂತ ತೋರಸಲಿಲ್ಲಂದ್ರ ಆ್ಯಪ್ ಬಂದ್. ಮತ್ತ ಹಳೇ ರಿಜಿಸ್ಟರ್."

ಅನುಷಾ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದಳು. "ರೂಪಾ, ನಡಿ."

"ನಂದು ಇತಿಹಾಸ. ನನಗೇನು ತಿಳೀತದ?"

"ಏನೂ ತಿಳಿಯಂಗಿಲ್ಲ. ಅದಕ್ಕ ಬೇಕಾಗೀದಿ. ದಡ್ಡ ಪ್ರಶ್ನಿ ಕೇಳಾಕ ಒಬ್ರು ಬೇಕು."

ಕಾರಟಗಿ ಬಸ್ಸಿನಲ್ಲಿ ಕುಳಿತು ಅವಳು ಆ್ಯಪಿನ ದಾಖಲೆ ತೆಗೆದಳು. ನಾನು ದಡ್ಡ ಪ್ರಶ್ನೆ ಕೇಳಿದೆ.

"ಯಾವಾಗ ಬದಲಾಗೈತಿ?"

"ನಿನ್ನಿ ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕ."

"ಯಾರ ಹೆಸರೈತಿ?"

"ಯಾರದೂ ಇಲ್ಲ. ಹೆಸರಿನ ಜಾಗ ಖಾಲಿ."

ಪಾಳಿ ತಿದ್ದುವ ಪುಟಕ್ಕೆ ಹೋಗುವ ಗುಂಡಿ ಕಾರ್ಯದರ್ಶಿಗೆ ಮಾತ್ರ ಕಾಣುತ್ತದೆ, ಅದೂ ಪಾಸ್‌ವರ್ಡ್ ಕೊಟ್ಟು ಒಳಗೆ ಬಂದರೆ. ಅವನು ತಿದ್ದಿದರೆ ಅವನ ಹೆಸರು ದಾಖಲಾಗುತ್ತದೆ. ಖಾಲಿ ಬಿಡುವುದು ಹೇಗೆ ಸಾಧ್ಯ? ಅನುಷಾ ಉಗುರು ಕಚ್ಚತೊಡಗಿದಳು.

ಸಂಘದ ಕಟ್ಟೆಯ ಮೇಲೆ ಹೊಳಿಯಮ್ಮ ಕುಳಿತಿದ್ದಳು. ಸಲಿಕೆ ಕೈಬಿಟ್ಟಿರಲಿಲ್ಲ.

"ನೀನೇನ ಆ್ಯಪಿನಾಕಿ? ನೆಲ್ಲು ತೆನಿ ಬಿಡೋ ಹೊತ್ತೈತಿ. ರವಿವಾರದ ತನಕ ಒಣಗಿಸಿದ್ರ ಜೊಳ್ಳು ಬರ್ತದ. ನಿನ್ನ ಮೊಬೈಲ್ ಕುಟ್ಟಿ ಅನ್ನಾ ಮಾಡ್ಲೇನು?"

"ತೂಬಿನ ಹತ್ರ ಯಾರ್ಯಾರಿದ್ರಮ್ಮಾ ಮುಂಜಾನೆ?"

"ಲಕ್ಷ್ಮಣಪ್ಪ ಇದ್ದ. ಈಶಪ್ಪಣ್ಣ ನನಕಿಂತ ಮೊದ್ಲ ಬಂದು ನಿಂತಿದ್ದ, ಬಗಲಾಗ ರಿಜಿಸ್ಟರ್ ಇಟ್ಕೊಂಡು. ಅವನೊಬ್ಬನ ನನ್ನ ಪರ ಮಾತಾಡಿದಾವ. 'ನನ್ನ ಬರಹ ಇದ್ದಾಗ ಹಿಂಗಾಗಿತ್ತೇನು' ಅಂದ. ಖರೇವ ಐತಿ, ಆಗಿರಲಿಲ್ಲ."

ಈಶಪ್ಪ ಸಂಘದ ಅಧ್ಯಕ್ಷರು. ಇಪ್ಪತ್ತೆರಡು ವರ್ಷ ಪಾಳಿ ಬರೆದವರು ಅವರೇ.

ಗೋವಿಂದರಾಜ ಬೆವರುತ್ತಿದ್ದ. "ನನ್ನ ಪಾಸ್‌ವರ್ಡ್ ನಾ ಹೆಂಡ್ತಿಗೂ ಹೇಳಿಲ್ಲ."

"ಪಟ್ಟಿ ಎಲ್ಲಿ ಪ್ರಿಂಟ್ ಮಾಡಸ್ತೀರಿ?"

"ಮುಷರಫನ ಝೆರಾಕ್ಸ್ ಅಂಗಡ್ಯಾಗ. ಪ್ರತಿ ಸೋಮವಾರ ಎರಡು ಪ್ರತಿ. ಒಂದು ಗೋಡಿಗೆ, ಒಂದು ರಿಜಿಸ್ಟರಿಗೆ."

ಮುಷರಫ ಎದುರಿನ ಅಂಗಡಿಯಿಂದಲೇ ಕೂಗಿದ. "ನನ್ನ ಕಡೆ ನೋಡಬ್ಯಾಡ್ರಿ ಮೇಡಂ. ಇವರು ಲಾಗಿನ್ ಆಗ್ತಾರ, ಪ್ರಿಂಟ್ ತಗೊಂತಾರ, ಹಂಗ ಬಿಟ್ಟು ಹೋಗ್ತಾರ. ಇವತ್ತೂ ನನ್ನ ಕಂಪ್ಯೂಟರಿನ್ಯಾಗ ಇವರ ಹೆಸರು ಕುಂತೈತಿ. ಎಷ್ಟು ಸಲ ಹೇಳೀನಿ ಕೇಳ್ರಿ."

ಗೋವಿಂದರಾಜ ನೆಲ ನೋಡಿದ. ಅಂಗಡಿಯವನೇ ಕಳ್ಳ ಎಂದುಕೊಂಡೆ ನಾನು. ಅನುಷಾ ಮಾತ್ರ ತಲೆ ಅಡ್ಡ ಆಡಿಸಿದಳು. "ಮುಷರಫಣ್ಣ ಅಲ್ಲ."

ಪಕೀರಪ್ಪ ಬಂದ. "ಗುರುವಾರ ಅಂತ ತೋರಿಸ್ತು, ನೀರು ತಗೊಂಡೀನಿ. ತಪ್ಪೇನೈತಿ?"

"ನಿಮ್ಮ ಪಾಳಿ ರವಿವಾರ ಇತ್ತಲ್ರಿ. ಅನುಮಾನ ಬರಲಿಲ್ಲೇನು?"

"ಬಂತು. ಬಂದ ನೀರು ಬ್ಯಾಡ ಅನ್ನೋವಷ್ಟು ದೊಡ್ಡ ಮನಶ್ಯಾ ಅಲ್ಲವ್ವ ನಾ."

ಹತ್ತಕ್ಕೆ ಮೀಟಿಂಗ್ ಶುರುವಾಯಿತು. ಈಶಪ್ಪನವರದು ಬಿಳಿ ಅಂಗಿ, ಜೇಬಿನಲ್ಲಿ ದೊಡ್ಡ ಮೊಬೈಲ್, ಕೆಂಪು ಪೆನ್ನು. ರಿಜಿಸ್ಟರ್ ಬಿಚ್ಚಿ ಹಾಜರಿ ಕರೆದರು. ಒಂದೊಂದು ಹೆಸರು ಕೂಗುವುದು, ಅದರ ಕೆಳಗೆ ಒಂದು ಕೆಂಪು ಚುಕ್ಕೆ ಇಡುವುದು. ಅವಸರವಿಲ್ಲ. ಆಮೇಲೆ ಅನುಷಾಳನ್ನು ನೋಡಿದರು.

"ನನಗ ಮೊಬೈಲ್ ತಿಳಿಯಂಗಿಲ್ಲ. ಫೋನ್ ಬಂದ್ರ ಎತ್ತತೀನಿ. ಪಾಳಿ ನೋಡ್ಬೇಕಂದ್ರ ಗೋಡಿ ನೋಡ್ತೀನಿ. ಯಾರು ತಿದ್ದ್ಯಾರ ಹೇಳು, ಇಲ್ಲಂದ್ರ ಠರಾವು ಬರೀತೀನಿ."

"ಅಜ್ಜಾರ, ರಿಜಿಸ್ಟರ್ ಸ್ವಲ್ಪ ಕೊಡ್ರಿ."

ಅವರು ಹೆಮ್ಮೆಯಿಂದಲೇ ಕೊಟ್ಟರು. "ನೋಡು. ಒಂದು ಕಾಟು ಹೊಡದಿದ್ದು ಸಿಗಂಗಿಲ್ಲ."

ಅನುಷಾ ಅದಕ್ಕೆ ಅಂಟಿಸಿದ್ದ ಕಳೆದ ವಾರಗಳ ಪಟ್ಟಿಗಳನ್ನು ಒಂದೊಂದಾಗಿ ಮಗುಚಿದಳು. ಈ ವಾರದ ಹಾಳೆಗೆ ಬಂದು ನಿಂತಳು. ಕಣ್ಣಿನ ಹತ್ತಿರ ಹಿಡಿದಳು. ಉಗುರು ಕಚ್ಚುವುದು ನಿಂತಿತು.

"ಮೊದಲು ನನ್ನ ತಪ್ಪು ಹೇಳ್ತೀನಿ" ಎಂದಳು. "ಈ ಆ್ಯಪ್ ಇಡಿಯಾಗಿ ಒಂದೇ ಸಲಕ್ಕ ಮೊಬೈಲಿಗೆ ಇಳೀತದ. ತಿದ್ದೋ ಪುಟಾನೂ ಎಲ್ಲಾರ ಮೊಬೈಲಿನ್ಯಾಗ ಇರ್ತದ. ನಾ ಏನ್ ಮಾಡಿದ್ದೆ? ಅಲ್ಲಿಗೆ ಹೋಗೋ ಗುಂಡಿ ಅಷ್ಟ ಮುಚ್ಚಿದ್ದೆ. ಪುಟದ ವಿಳಾಸ ಗೊತ್ತಿದ್ದವರು ಮ್ಯಾಲೆ ಟೈಪ್ ಮಾಡಿದ್ರ ಸೀದಾ ಒಳಗ. 'ನೀವು ಯಾರು' ಅಂತ ಕೇಳೋ ಕಾವಲು ಪುಟಕ್ಕೂ ಹಾಕಿರಲಿಲ್ಲ, ಬರದಿದ್ದು ಉಳಿಯೋ ಸರ್ವರಿಗೂ ಹಾಕಿರಲಿಲ್ಲ. ಹಿಂಗಾಗಿ ಹೆಸರಿನ ಜಾಗ ಖಾಲಿ."

"ಅಂದ್ರ ಯಾರು ಬೇಕಾದ್ರೂ ಮಾಡಬಹುದಿತ್ತು" ಎಂದ ಪಕೀರಪ್ಪ.

"ಗೋವಿಂದರಾಜಣ್ಣ ಮಾಡಿದ್ರ ಅವರ ಹೆಸರು ಬರ್ತಿತ್ತು. ಮುಷರಫಣ್ಣ ತನ್ನ ಕಂಪ್ಯೂಟರಿನ್ಯಾಗ ಮಾಡಿದ್ರೂ ಗೋವಿಂದರಾಜಣ್ಣನ ಹೆಸರ ಬರ್ತಿತ್ತು. ತಲಬಾಗಲಾ ತೆರೆದಿದ್ದಾವ ಕಿಟಕಿ ಯಾಕ ಹತ್ತತಾನ? ವಿಳಾಸ ಒಂದನ್ನ ಬಿಟ್ಟು ಬ್ಯಾರೆ ಏನೂ ಇಲ್ಲದವರು ಇದನ್ನ ಮಾಡ್ಯಾರ."

"ಆ ವಿಳಾಸ ಹೊರಗ ಹೆಂಗ ಹೋತು?" ಎಂದೆ ನಾನು. ಇದೂ ದಡ್ಡ ಪ್ರಶ್ನೆಯೇ.

ಅವಳು ಗೋಡೆಯ ಪಟ್ಟಿಯ ಕೆಳ ಅಂಚಿಗೆ ಬೆರಳಿಟ್ಟಳು. ಅಲ್ಲಿ ಇರುವೆ ಸಾಲಿನಂಥ ಒಂದು ಇಂಗ್ಲಿಷ್ ಸಾಲಿತ್ತು. ನಾನು ಬಂದಾಗಲೇ ನೋಡಿದ್ದೆ, ಏನೂ ಅನಿಸಿರಲಿಲ್ಲ.

"ಯಾವ ಪುಟ ಪ್ರಿಂಟ್ ಮಾಡ್ತೀವೋ ಅದರ ವಿಳಾಸ ಹಾಳಿ ಕೆಳಗ ಬೀಳ್ತದ. ಗೋವಿಂದರಾಜಣ್ಣ ತಿದ್ದೋ ಪುಟದಿಂದನ ಪ್ರಿಂಟ್ ತಗದಾರ. ಮೂರು ತಿಂಗಳಿಂದ ನನ್ನ ಆ್ಯಪಿನ ಹಿಂಬಾಗಿಲ ಈ ಗೋಡಿ ಮ್ಯಾಲೆ ತೂಗಾಕತ್ತೈತಿ."

ಯಾರೋ ನಕ್ಕರು. ಅನುಷಾ ನಗಲಿಲ್ಲ. ಈಶಪ್ಪನವರ ಕಡೆ ತಿರುಗಿದಳು.

"ಅಜ್ಜಾರ, ಗೋಡಿ ಪಟ್ಟಿ ಪ್ರಕಾರ ಇವತ್ತು ಹೊಳಿಯಮ್ಮಾರ ಪಾಳಿ. ಜಗಳಾ ಆಗೋ ಮಾತ ಇಲ್ಲ. ಮೊಬೈಲ್ ನೋಡದ ನೀವು ಆರಕ್ಕಿಂತ ಮೊದ್ಲ ರಿಜಿಸ್ಟರ್ ಹಿಡಕೊಂಡು ತೂಬಿಗೆ ಯಾಕ ಬಂದಿದ್ರಿ?"

ಈಶಪ್ಪ ಪೆನ್ನಿನ ಮುಚ್ಚಳ ಹಾಕಿದರು.

"ಹಿಂದಿನ ಪಟ್ಟಿಗಳ್ಯಾಗ ನಿಮ್ಮ ಚುಕ್ಕಿ ಹೆಸರಿನ ಕೆಳಗ ಅಷ್ಟ ಅದಾವು. ಈ ವಾರದ್ದು ನೋಡ್ರಿ." ಅವಳು ರಿಜಿಸ್ಟರನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು. ಆ ಸಣ್ಣ ಇಂಗ್ಲಿಷ್ ಸಾಲಿನ ಒಂದೊಂದು ಅಕ್ಷರದ ಕೆಳಗೂ ಒಂದೊಂದು ಕೆಂಪು ಚುಕ್ಕೆ. ಮೂವತ್ತೊಂದು. "ಒಂದಕ್ಷರ ಟೈಪ್ ಮಾಡೋದು, ಒಂದು ಚುಕ್ಕಿ ಇಡೋದು. ಹೌದಲ್ರಿ?"

ಹೊಳಿಯಮ್ಮ ಎದ್ದು ನಿಂತಳು. "ಈಶಪ್ಪಣ್ಣಾ?"

"ಹೌದು, ನಾನ ಮಾಡೀನಿ." ಅವರು ತಲೆ ತಗ್ಗಿಸಲಿಲ್ಲ. "ಇಪ್ಪತ್ತೆರಡು ವರ್ಷ ಯಾರ ಪಾಳಿನೂ ತಪ್ಪಿಸಿದಾವಲ್ಲ. ಒಂದು ದಿನ ನನ್ನ ಕೈಯಾಗಿಂದ ಪೆನ್ ಕಸಗೊಂಡ್ರಿ. ನನ್ನ ಒಂದು ಮಾತು ಕೇಳಿದ್ರೇನು? ಮೊಬೈಲ್ ತಪ್ಪು ಮಾಡ್ತದ ಅಂತ ತೋರಿಸಬೇಕಿತ್ತು. ಏಳನೇ ಕ್ಲಾಸ್ ಕಲತಾವ, ಬಿಸಿಎ ಹುಡಿಗಿ ಬಾಗಲಾ ತಗದೀನಿ."

"ಅದಕ್ಕ ನನ್ನ ಗದ್ದಿನ ಸಿಕ್ತೇನು?" ಎಂದಳು ಹೊಳಿಯಮ್ಮ.

"ನಿನ್ನ ಬಾಯಿ ದೊಡ್ಡದೈತಿ. ಊರಿಗೆಲ್ಲಾ ಕೇಳ್ತದ."

"ಕೇಳತೈತಿ ಈಗ. ಲಕ್ಷ್ಮಣಪ್ಪಾ, ತೂಬು ತಿರುವು."

ಲಕ್ಷ್ಮಣಪ್ಪ ಗೋವಿಂದರಾಜನ ಮುಖ ನೋಡಿದ. ಗೋವಿಂದರಾಜ ಪಾಸ್‌ವರ್ಡ್ ಹಾಕಿ ಗುರುವಾರಕ್ಕೆ ಅವಳ ಹೆಸರು ಮರಳಿ ಬರೆದ. ಲಕ್ಷ್ಮಣಪ್ಪ ಮೊಬೈಲ್ ನೋಡಿ ಎದ್ದ. ಸಲಿಕೆ ಹೊತ್ತು ಹೊಳಿಯಮ್ಮ ಹಿಂದೆ ಹೋದಳು.

ಅನುಷಾ ಕಟ್ಟೆಯ ಮೇಲೆಯೇ ಕುಳಿತು ಮುಕ್ಕಾಲು ಗಂಟೆ ಕೆಲಸ ಮಾಡಿದಳು. ಪುಟದ ಬಾಗಿಲಿಗೊಂದು ಕಾವಲು, ಸರ್ವರಿಗೊಂದು ಕಾವಲು. ಮುಗಿದ ಮೇಲೆ ಈಶಪ್ಪನವರ ಮುಂದೆ ರಿಜಿಸ್ಟರ್ ಇಟ್ಟಳು.

"ಅಜ್ಜಾರ, ಈಗ ತಗೀರಿ ನೋಡೋಣು."

ಅವರು ಕನ್ನಡಕ ಏರಿಸಿ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿದರು. ಪುಟ ಬರಲಿಲ್ಲ. 'ಮೊದಲು ಲಾಗಿನ್ ಆಗಿ' ಎಂದು ಬಂತು. ಮತ್ತೊಮ್ಮೆ ಒತ್ತಿದರು. ಮೂರನೆಯ ಸಲ ಅಕ್ಷರಗಳನ್ನು ಬಾಯಲ್ಲಿ ಹೇಳಿಕೊಂಡು ಒತ್ತಿದರು. ಅದೇ ಮಾತು.

"ಒಳಗ ಬಿಡವಲ್ದು" ಎಂದರು.

ಯಾರೂ ಕೇಳುವ ಮೊದಲೇ ಅಧ್ಯಕ್ಷಗಿರಿ ಬಿಡುವ ಠರಾವನ್ನು ತಮ್ಮ ಕೈಯಾರೆ ಬರೆದರು. ಕಾಟಿಲ್ಲದ ದುಂಡು ಅಕ್ಷರ. ಸಹಿ ಹಾಕಿ, ಹಾಜರಿ ಪುಟಕ್ಕೆ ತಿರುಗಿದರು.

"ಹೆಸರು ಪೂರಾ ಹೇಳು."

"ಅನುಷಾ ದುರುಗಪ್ಪ. ಹನುಮಸಾಗರ."

"ಆ ಕಡೆ ಕಾಲುವಿ ಇಲ್ಲಲ್ಲ. ಪಾಳಿ ಲೆಕ್ಕ ಎಲ್ಲಿ ಕಲತಿ?"

"ನಳದ ಮುಂದ, ಕೊಡಾ ಹಿಡಕೊಂಡು ನಿಂತು."

ಅವರು ಎಲ್ಲರ ಹೆಸರಿನ ಕೆಳಗೆ ಅವಳ ಹೆಸರು ಬರೆದರು. ಕೆಂಪು ಪೆನ್ನಿನ ಮುಚ್ಚಳ ತೆಗೆದು ಆ ಹೆಸರಿನ ಕೆಳಗೊಂದು ಚುಕ್ಕೆ ಇಟ್ಟರು.