ಮೂಗಿನೊಳಗೆ ಗೀರಿದ್ದು ಯಾರು?

"ಆಕ್ಷೀ!"

ಐಪೆರಿಯ ಸೀನಿಗೆ ಮಣೆಯ ಮೇಲಿದ್ದ ಹಿಟ್ಟೆಲ್ಲ ಹಾರಿ ಅಜ್ಜಿಯ ಹುಬ್ಬು ಇನ್ನಷ್ಟು ಬೆಳ್ಳಗಾಯಿತು.

"ಸಾಕಪ್ಪಾ ಸಾಕು!" ಅಜ್ಜಿ ಲಟ್ಟಣಿಗೆಯನ್ನು ಕಿಟಕಿಯ ಕಡೆ ಚಾಚಿದಳು. ಅಲ್ಲಿ ಬಿಳಿ ಬೆಕ್ಕು ಕೈಮಾಕ್ ಏನೂ ಗೊತ್ತಿಲ್ಲದ ಹಾಗೆ ಕಾಲು ನೆಕ್ಕುತ್ತಾ ಕೂತಿತ್ತು. "ಎಲ್ಲಾ ಅದರ ಕೂದಲಿಂದಾನೇ. ನಾಳೆ ಸಂಜೆ ನಿನ್ನ ಮಾವ ನಾರಿನ್ ಊರಿಗೆ ಹೋಗ್ತಾನಲ್ಲ, ಅವನ ಕಾರಲ್ಲಿ ಅದನ್ನ ಕಳಿಸಿಬಿಡ್ತೀನಿ."

"ಬೇಡ ಅಜ್ಜೀ! ಅದು ಏನೂ ಮಾಡಿಲ್ಲ... ಆಕ್ಷೀ!"

"ನೋಡು, ನಿನ್ನ ಮೂಗೇ ಸಾಕ್ಷಿ ಹೇಳ್ತಿದೆ."

ಮೊದಲು ಡಾಕ್ಟರನ್ನು ಕೇಳೋಣ ಎಂದು ಐಪೆರಿ ಗೋಗರೆದಳು. ಅಜ್ಜಿ ಒಪ್ಪಿದಳು. ಆದರೆ ಅಷ್ಟರೊಳಗೆ ಕ್ರಿಮಿ ಸಾಯಲಿ ಎಂದು ಒಣಸೊಪ್ಪು ಸುಟ್ಟು ಮನೆಯೆಲ್ಲ ಹೊಗೆ ಹಾಕಿದಳು. ಐಪೆರಿ ಸೀನಿದಳು, ಅಜ್ಜಿ ಕೆಮ್ಮಿದಳು, ಪಕ್ಕದ ಫ್ಲ್ಯಾಟಿನವರು ಬೆಂಕಿ ಬಿತ್ತೆಂದು ಬಕೆಟ್ ಹಿಡಿದು ಓಡಿಬಂದರು.

ಮರುದಿನ ಬೆಳಿಗ್ಗೆ ಕ್ಲಿನಿಕ್‌ನಲ್ಲಿ ಡಾಕ್ಟರಮ್ಮ ಅಲರ್ಜಿ ಯಾವುದರಿಂದ ಎಂದು ತಿಳಿಯಲು ಐಪೆರಿಯ ತೋಳಿನ ಮೇಲೆ ಬೇರೆ ಬೇರೆ ಸಾರಗಳ ಹನಿ ಇಟ್ಟು ಸೂಜಿಯಲ್ಲಿ ಮೆಲ್ಲಗೆ ಚುಚ್ಚಿದರು. ಬೆಕ್ಕಿನ ಹನಿ ಬಿದ್ದ ಜಾಗ ಸುಮ್ಮನಿತ್ತು. ಮಾಚಿಪತ್ರೆಯ ಹನಿ ಬಿದ್ದ ಜಾಗ ಸೊಳ್ಳೆ ಕಚ್ಚಿದಂತೆ ದಪ್ಪಗಾಯಿತು.

"ಬಿಶ್ಕೆಕ್‌ನ ರಸ್ತೆ ಬದೀಲೆಲ್ಲ ಈಗ ಮಾಚಿಪತ್ರೆ ಹೂ ಬಿಟ್ಟಿದೆ. ಅದರ ಪುಡಿ ಗಾಳೀಲಿ ಬರ್ತಿದೆ. ಬೆಕ್ಕಿನ ತಪ್ಪಲ್ಲ ಅಜ್ಜಿ."

ಐಪೆರಿ ಕುಣಿಯುವುದೊಂದೇ ಬಾಕಿ. ಅಷ್ಟರಲ್ಲಿ ಡಾಕ್ಟರಮ್ಮ ಅವಳ ಮೂಗಿನೊಳಗೆ ಟಾರ್ಚ್ ಬೆಳಕು ಬಿಟ್ಟರು.

"ಅರೆ! ಒಳಗೆಲ್ಲ ಗೀರಿದೆಯಲ್ಲ. ಗಾಯದಲ್ಲಿ ಬ್ಯಾಕ್ಟೀರಿಯಾ ಸೇರ್ಕೊಂಡಿದೆ."

"ಅಯ್ಯೋ, ಬ್ಯಾಕ್ಟೀರಿಯಾನಾ!"

"ಎಲ್ಲರ ಮೂಗಲ್ಲೂ ಇರತ್ತೆ ಅಜ್ಜಿ. ನಿಮ್ಮದರಲ್ಲೂ."

ಅಜ್ಜಿ ಸಿಟ್ಟಿನಿಂದ ತಲೆವಸ್ತ್ರ ಎಳೆದು ಮೂಗು ಮುಚ್ಚಿಕೊಂಡಳು.

"ಅವು ಸುಮ್ಮನಿದ್ರೆ ತೊಂದ್ರೆ ಇಲ್ಲ," ಎಂದರು ಡಾಕ್ಟರಮ್ಮ. "ಆದ್ರೆ ಅಲರ್ಜಿಯಿಂದ ಮೂಗಿನ ಒಳಭಾಗ ಊದ್ಕೊಂಡಾಗ ಕೆಲವು ಕೆಟ್ಟವು ಜಾಸ್ತಿ ಆಗ್ತವೆ. ಅವು ಜಾಸ್ತಿ ಆದ್ರೆ ಅಲರ್ಜಿನೂ ಜೋರಾಗತ್ತೆ. ಹಿಂಗೇ ಒಂದಕ್ಕೊಂದು ಕುಮ್ಮಕ್ಕು ಕೊಡ್ತವೆ. ಅದಿರಲಿ, ಇಲ್ಲಿ ಗೀರಿದ್ದು ಯಾರು?"

"ಇನ್ಯಾರು? ಬೆಕ್ಕು!" ಅಜ್ಜಿ ಕುರ್ಚಿಯಿಂದ ಎದ್ದೇಬಿಟ್ಟಳು. "ರಾತ್ರಿ ಇವಳ ತಲೆದಿಂಬಿನ ಮೇಲೇ ಮಲಗತ್ತೆ. ಇವತ್ತು ಅದು ಹೋಗೋದೇ!"

ಐಪೆರಿಯ ಕಿವಿ ಬಿಸಿಯಾಯಿತು. ಬಾಗಿಲ ಬಳಿ ಇನ್ನೂ ಇಬ್ಬರು ಕಾಯುತ್ತಿದ್ದರು. ಅವಳು ನೆಲ ನೋಡುತ್ತಾ ತೋರುಬೆರಳು ಎತ್ತಿದಳು.

"ಇದು."

"ಯಾವುದು?"

"ಈ ಬೆರಳು. ತುಂಬಾ ತುರಿಸ್ತಿತ್ತು... ಅದಕ್ಕೇ ಒಳಗೆ ಹಾಕ್ತಿದ್ದೆ."

ಬಾಗಿಲ ಬಳಿ ಯಾರೋ ಕಿಸಕ್ಕೆಂದರು. ಡಾಕ್ಟರಮ್ಮ ನಗಲಿಲ್ಲ. "ತುರಿಸಿದ್ರೆ ಎಲ್ಲರ ಬೆರಳೂ ಅಲ್ಲಿಗೇ ಹೋಗೋದು," ಎನ್ನುತ್ತಾ ಅವಳ ಉಗುರು ಕತ್ತರಿಸಿದರು. ಮೂಗಿಗೆ ಸ್ಪ್ರೇ ಕೊಟ್ಟು, ಉಪ್ಪುನೀರಲ್ಲಿ ತೊಳೆಯುವುದನ್ನು ಕಲಿಸಿದರು. ಹೊಗೆ ಮಾತ್ರ ಬೇಡವೇ ಬೇಡ ಎಂದರು.

ವಾಪಸಾಗುವಾಗ ಮಿನಿಬಸ್ಸು ತುಂಬಿ ತುಳುಕುತ್ತಿತ್ತು. ಅಜ್ಜಿ ಮಾವನಿಗೆ ಫೋನ್ ಮಾಡಿ, "ಬೆಕ್ಕು ಬರಲ್ಲ ಕಣೋ," ಎಂದಳು. ಆಮೇಲೆ ತೆರೆದ ಕಿಟಕಿಯಿಂದ ಧೂಳುಗಾಳಿ ನುಗ್ಗಿತು. ಅಜ್ಜಿಯ ಮೂಗು ಅದುರಿತು. ಅವಳು ಅತ್ತ ನೋಡಿದಳು, ಇತ್ತ ನೋಡಿದಳು, ಮೆಲ್ಲಗೆ ಬೆರಳು ಎತ್ತಿದಳು.

ಐಪೆರಿ ನೋಡಿದಳು. ನಗು ಗಂಟಲವರೆಗೂ ಬಂತು. ಎದುರು ಸೀಟಿನ ಹುಡುಗ ಇನ್ನೇನು ಇತ್ತ ತಿರುಗುವುದರಲ್ಲಿದ್ದ.

ಅವಳು ಸದ್ದಿಲ್ಲದೆ ಎದ್ದು, ಅಜ್ಜಿಗೆ ಅಡ್ಡವಾಗಿ ನಿಂತು, ಹೊರಗಿನ ಮರಗಳನ್ನು ನೋಡತೊಡಗಿದಳು.