ಹೊಂದುವ ಚಕ್

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಮುದುಕಿಯ ದೂರು ನೇರವಾಗಿತ್ತು: ಗುಜರಿಯವನು ಲೇತ್ ಯಂತ್ರಕ್ಕೆ ಅಳತೆ ತಪ್ಪಿದ ಚಕ್ ಮಾರಿ ತನ್ನ ಮಗನನ್ನು ಕೊಂದಿದ್ದಾನೆ. ಇನ್ಸ್‌ಪೆಕ್ಟರ್ ಎಫ್‌ಐಆರ್ ಬರೆಸಿ, ಇಬ್ಬರು ಪಂಚರನ್ನು ಕರೆದುಕೊಂಡು, ಮನೆಗೆ ಅಂಟಿಕೊಂಡೇ ಇದ್ದ ವರ್ಕ್‌ಶಾಪಿಗೆ ಹೋದರು.

ಕಬ್ಬಿಣ ಕಡೆಯುವ, ಅಜ್ಜನ ಕಾಲದ ಲೇತ್. ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಬಿಡಿಭಾಗಕ್ಕೆ ಗುಜರಿಯೇ ಗತಿ. ಕಬ್ಬಿಣವನ್ನು ಕಚ್ಚಿ ಹಿಡಿದು ತಿರುಗಿಸುವ ಚಕ್, ಹಿಂದಿನ ದಿನ ತಂದದ್ದು, ಲೇತ್ ಓಡುವಾಗಲೇ ಕಳಚಿ ಹಾರಿ ಮುದುಕಿಯ ಮಗನ ಮುಖಕ್ಕೆ ಬಡಿದಿತ್ತು. ಪಂಚರು ಹೆಣವನ್ನು ಗುರುತಿಸಿದ್ದು ಅಂಗಿಯಿಂದ.

ಇನ್ಸ್‌ಪೆಕ್ಟರ್ ಪಂಚರ ಎದುರೇ ಚಕ್ಕನ್ನು ಪೇದೆಯಿಂದ ಎತ್ತಿಸಿ ಲೇತಿನ ಮೂತಿಗೆ ತಿರುಗಿಸಿ ನೋಡಿದರು. ಎರಡು ಸುತ್ತು ಹೋಗಿ ಸಿಕ್ಕಿಕೊಂಡಿತು. ಕೈಗೆ ಬಿಗಿ ಅನ್ನಿಸುತ್ತಿತ್ತು, ಆದರೆ ಮೂತಿಯಲ್ಲಿ ಹಿಂದೆ ಉಳಿದ ಥ್ರೆಡ್ಡಿಗೆ, ತಿರುಪಿನ ಸುತ್ತುಗಳಿಗೆ, ಹಚ್ಚಿದ ಎಣ್ಣೆ ಅಳಿಸಿಯೇ ಇರಲಿಲ್ಲ; ಚಕ್ ಅಷ್ಟು ಒಳಗೆ ಎಂದೂ ಹೋಗಿರಲಿಲ್ಲ.

ಗುಜರಿಯವನನ್ನು ಕರೆಸಿದರು. ಸರಿಯಾದ ಚಕ್ಕೂ ಅಂಗಡಿಯಲ್ಲೇ ಇತ್ತು, ಆಕೆ ಎರಡಕ್ಕೂ ಗೇಜ್ ಇಟ್ಟು ಅಳೆದಿದ್ದಳು ಎಂದ.

“ಆಕೆ ಅಂದ್ರೆ?”

“ಅವರ ಹೆಂಡ್ತಿ, ಸಾರ್. ವರ್ಷದಿಂದ ಅವರೇ ಬರೋದು. ಇದು ಕೂರಲ್ಲ ಅಂದೆ. ಗೊತ್ತು, ಇದೇ ಬೇಕು ಅಂದ್ರು.”

ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕೇಳುವ ಮೊದಲೇ ನಲ್ಲಿ ನಿಲ್ಲಿಸಿ ಎರಡೂ ಅಂಗೈ ಚಾಚಿದಳು. ಅಂಗೈ ತುಂಬಾ ಸುಟ್ಟ ಗೆರೆಗಳು. ಚಕ್ಕೋ ಗೇರೋ, ತಂದದ್ದು ಹೊಂದದಿದ್ದಾಗಲೆಲ್ಲ ಗಂಡ ಲೇತಿನಿಂದ ಬಿದ್ದ ಬಿಸಿ ಕಬ್ಬಿಣದ ಸುರುಳಿಯನ್ನು ಕೈಗಿಟ್ಟು ಮುಷ್ಟಿ ಕಟ್ಟಿಸುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಇನ್ಸ್‌ಪೆಕ್ಟರ್ ನಗುತ್ತಾ ಎಷ್ಟೋ ಸಲ ಆಡಿದ್ದರು. ಬರೆಯನ್ನು ನೋಡಿದ್ದು ಇದೇ ಮೊದಲು.

“ಯಾರಿಗೂ ಹೇಳ್ಲಿಲ್ವಾ?”

“ಅತ್ತೆಗೆ ಹೇಳ್ದೆ. ಹೊಂದ್ಕೊಂಡು ಹೋಗು ಅಂದ್ರು.”

“ಚಕ್ ಕೂರಿಸಿದ್ದು ಯಾರು?”

“ನಾನೇ. ಅದೂ ನನ್ನ ಕೆಲಸಾನೇ. ಹೊಂದ್ತಾ ಅಂತ ಕೇಳಿದ್ರು. ಹೊಂದ್ತು ಅಂದೆ. ಸ್ವಿಚ್ ಹಾಕಿದ್ರು.”

ಮಧ್ಯಾಹ್ನ ಎರಡಕ್ಕೆ ಆಕೆಯನ್ನು ಬಂಧಿಸಿದರು. ಮುದುಕಿ ಬಾಗಿಲಿಗೆ ಅಡ್ಡ ನಿಂತು, ಗುಜರಿಯವನನ್ನು ಹಿಡಿಯಿರಿ ಎಂದರೆ ಇವಳನ್ನು ಒಯ್ಯುತ್ತೀರಲ್ಲ ಎಂದು ಜಗಳ ತೆಗೆದಳು. ಕೊನೆಗೆ ಸೊಸೆಯನ್ನು ಕೇಳಿದ್ದು ಒಂದೇ ಮಾತು.

“ನಂಗೆ ಬೇಯಿಸಿ ಹಾಕೋರು ಯಾರು?”

“ಹೊಂದ್ಕೊಂಡು ಹೋಗಿ ಅತ್ತೆ,” ಎಂದು ಸೊಸೆ ಜೀಪು ಹತ್ತಿದಳು.

ಸಂಜೆ ಠಾಣೆಯ ರೈಟರ್ ಕೊಲೆಗೆ ಕಾರಣ ಎಂಬಲ್ಲಿ ‘ಗಂಡ ಹೆಂಡಿರ ನಡುವೆ ಹೊಂದಾಣಿಕೆಯ ಕೊರತೆ’ ಎಂದು ಬರೆದಿದ್ದ, ಇಂಥ ಎಲ್ಲ ಕೇಸಿಗೂ ಬರೆಯುವಂತೆ. ಇನ್ಸ್‌ಪೆಕ್ಟರ್ ಅದನ್ನು ಹೊಡೆದುಹಾಕಿ, ಎರಡೂ ಅಂಗೈಗಳಲ್ಲಿ ಹಳೆಯ ಸುಟ್ಟ ಗಾಯಗಳು ಎಂದು ಬರೆಸಿದರು.